ರಸಮಟ್ಟದ ಗುಳ್ಳೆ

ನಾನು ಹಡಗಿಳಿದು ಹದಿನಾಲ್ಕು ತಿಂಗಳಾಯಿತು.
ಹಡಗು ಮಾತ್ರ ನನ್ನಿಂದ ಇನ್ನೂ ಇಳಿದಿಲ್ಲ.

ಬೆಳಿಗ್ಗೆ ಮಂಚದಿಂದ ಕಾಲು ಕೆಳಗಿಟ್ಟರೆ
ನೆಲದ ಹಲಗೆ ಮೆಲ್ಲಗೆ ಏಳುತ್ತದೆ, ಇಳಿಯುತ್ತದೆ,
ಮಲಗಿದ ಹಸುವಿನ ಹೊಟ್ಟೆಯ ಹಾಗೆ.
ಒಂದು ಬೆರಳನ್ನು ಗೋಡೆಗೆ ತಾಗಿಸಿ ನಿಲ್ಲುತ್ತೇನೆ.
ಒಂದೇ ಬೆರಳು ಸಾಕು.
ಗೋಡೆ ನನ್ನನ್ನು ಹಿಡಿಯಲೆಂದಲ್ಲ,
ಗೋಡೆ ಇದೆಯೇ ಎಂದು ಕೇಳಲು.

ನಾನು ಬಾಗಿಲು ಮಾಡುವವಳು.
ಕಾಸ್ತ್ರೊದಲ್ಲಿ, ನೀರಮೇಲೆ ಕಂಬ ನೆಟ್ಟು ನಿಂತ
ಆ ಬೀದಿಯ ಅರ್ಧ ಬಾಗಿಲುಗಳು ನನ್ನ ಕೈಯವು.
ಮೊದಲ ವಾರ ರಸಮಟ್ಟ ತಂದು
ಅಡುಗೆಮನೆಯ ನೆಲದ ಮೇಲಿಟ್ಟೆ.
ಗುಳ್ಳೆ ಎರಡು ಗೆರೆಗಳ ನಡುವೆ ಬಂದು
ಕದಲದೆ ಕೂತಿತು.
ನಲವತ್ತು ವರ್ಷ ಅದರ ಮಾತು ಮೀರದವಳು
ಅವತ್ತು ಗದರಿದೆ: ಸುಳ್ಳು ಹೇಳಬೇಡ.

ಪುವೆರ್ತೊ ಮೊಂತ್‌ನ ಡಾಕ್ಟರು ಕಿವಿಯೊಳಗೆ ಇಣುಕಿದರು,
ತಲೆಯ ಸ್ಕ್ಯಾನನ್ನು ಬೆಳಕಿಗೆ ಹಿಡಿದರು,
ಎಲ್ಲ ಸರಿಯಿದೆ ಎಂದರು, ನನಗೆ ಖುಷಿಯಾಗಲೆಂದು.
ಎರಡನೆಯವರು ವಯಸ್ಸಾದವರು:
ಅಲೆಗೆ ಹೊಂದಿಕೊಂಡ ಮಿದುಳು
ನೆಲಕ್ಕೆ ಮರಳುವುದನ್ನು ಮರೆತಿದೆಯಮ್ಮ.
ಯಾವಾಗ ನೆನಪಾದೀತು?
ಅವರು ಪೆನ್ನಿಗೆ ಮುಚ್ಚಳ ಹಾಕಿದರು.

ನಾಲ್ಕು ರಾತ್ರಿ ಹೋಗಲು, ನಾಲ್ಕು ರಾತ್ರಿ ಬರಲು,
ನಡುವೆ ನತಾಲೆಸ್‌ನಲ್ಲಿ ಒಂದೇ ಒಂದು ಮಧ್ಯಾಹ್ನ.
ತಂಗಿ ಲುದಿವಿನಾಳ ಮೇಲೆ ಮಣ್ಣು ಹಾಕುವಾಗ
ಗುಂಪಿನಲ್ಲಿ ನಾನೊಬ್ಬಳೇ ತೂಗಾಡುತ್ತಿದ್ದೆ.
ದುಃಖ ತಡೆಯಲಾರಳು ಎಂದುಕೊಂಡು
ಯಾರೋ ಭುಜ ಹಿಡಿದರು.
ದುಃಖವೇ ಇದ್ದೀತು. ನನಗೂ ಗೊತ್ತಿಲ್ಲ.

ಎದುರು ಮನೆಯ ರೊಸೆಂದಾ ನಾನು ನಡೆಯುವುದನ್ನು ನೋಡಿ
ಬೆಳಿಗ್ಗೆ ಬೆಳಿಗ್ಗೆಯೇ? ಎಂದು ಹುಬ್ಬೇರಿಸಿದಳು.
ಹೌದು, ಸಮುದ್ರ ಕುಡಿದಿದ್ದೇನೆ ಎಂದೆ.
ನಕ್ಕಳು. ಆಮೇಲೆ ನಗಲಿಲ್ಲ.

ಬಸ್ಸಿನಲ್ಲಿ ಮಾತ್ರ ಲೋಕ ನಿಲ್ಲುತ್ತದೆ.
ಕೆಯೋನ್‌ವರೆಗೆ ಎರಡು ಗಂಟೆ, ಹೊಂಡಬಿದ್ದ ರಸ್ತೆ,
ಎಲ್ಲರೂ ಜೋಲಿ ಹೊಡೆಯುತ್ತಾರೆ,
ಮೊಟ್ಟೆಯ ಬುಟ್ಟಿ ಹಿಡಿದ ಮುದುಕಿ ದೇವರನ್ನು ಕರೆಯುತ್ತಾಳೆ,
ನಾನು ಬೇರುಬಿಟ್ಟ ಮರ.
ಡ್ರೈವರ್ ನಿಬಾಲ್ದೊ ಈಗ ಎಲ್ಲಿಗೆ ಎಂದು ಕೇಳುವುದಿಲ್ಲ.
ಹೋಗುತ್ತೇನೆ, ಅಲ್ಲೇ ಕಾಫಿ ಕುಡಿಯುತ್ತೇನೆ, ಬರುತ್ತೇನೆ.
ಚೊಂಚಿಯಲ್ಲಿ ಬಸ್ಸು ನಿಂತಾಗ
ಯಾರಿಗೋ ಬಾಗಿಲು ತೆರೆಯುತ್ತಾನೆ.
ಜೊತೆಗೆ ಒಂದು ತೆರೆಯೂ ಹತ್ತಿಬಿಡುತ್ತದೆ, ಟಿಕೆಟ್ಟಿಲ್ಲದೆ.

ನನ್ನಜ್ಜನ ಮನೆಯೂ ಒಮ್ಮೆ ಸಮುದ್ರಯಾನ ಮಾಡಿತ್ತು.
ನಮ್ಮ ದ್ವೀಪದಲ್ಲಿ ಹೀಗುಂಟು:
ಜಾಗ ಬಿಡುವವರು ಮನೆಯನ್ನು ಬಿಡುವುದಿಲ್ಲ.
ಎತ್ತು ಕಟ್ಟಿ ದಡದವರೆಗೆ ಎಳೆದು,
ಉಬ್ಬರಕ್ಕೆ ಕಾದು, ದೋಣಿಗೆ ಬಿಗಿದು
ಆಚೆ ದಡಕ್ಕೆ ತೇಲಿಸಿದರು,
ಒಲೆಯ ಕೊಳವೆ, ಕಿಟಕಿಯ ಪರದೆ ಎಲ್ಲ ಇದ್ದಲ್ಲೇ ಇದ್ದ ಹಾಗೆ.
ಎಳೆದವರಿಗೆಲ್ಲ ಹೊಟ್ಟೆತುಂಬ ಊಟ.
ಮನೆ ಹೊಸ ಕಂಬಗಳ ಮೇಲೆ ಕೂತಿತು.
ಬಾಗಿಲು ಮಾತ್ರ ಮುಚ್ಚಲೊಲ್ಲದು.

ಮನೆಯನ್ನು ನೆಟ್ಟಗೆ ಮಾಡಲು ಅಜ್ಜ ಹೋಗಲಿಲ್ಲ.
ಉಜ್ಜುಗೊರಡು ತೆಗೆದುಕೊಂಡು
ಬಾಗಿಲ ಕೆಳಮೂಲೆಯನ್ನು ಒಂದು ಕೂದಲೆಳೆ ಕೆತ್ತಿದ.
ಮುಂದಿನ ಚಳಿಗಾಲ ಮತ್ತೊಂದು ಎಳೆ.
ಆ ಸುರುಳಿ ಸುರುಳಿ ಚಕ್ಕೆಗಳನ್ನು
ಲುದಿವಿನಾ ಕಿವಿಗೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದಳು,
ಲೋಲಾಕು ಎಂದು.

ನಿನ್ನೆ ರೊಸೆಂದಾಳ ಹಿತ್ತಲಿಗೆ ಬಾಗಿಲು ಕೂರಿಸಿದೆ,
ಮಂಡಿಯೂರಿ, ಹಣೆಯನ್ನು ಚೌಕಟ್ಟಿಗೆ ಒತ್ತಿ.
ಗುಳ್ಳೆ ಹೇಳಿದ್ದಕ್ಕೆ ಸರಿ ಎಂದೆ,
ಪಾದ ಹೇಳಿದ್ದಕ್ಕೂ ಸರಿ ಎಂದೆ,
ಮೊಳೆ ಹೊಡೆದೆ.
ಅವಳು ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು.
ಸದ್ದೇ ಇಲ್ಲವಲ್ಲೇ ಎಂದಳು.

ಕೊನೆಯ ಬಸ್ಸಿಗೆ ಇನ್ನೂ ಹೊತ್ತಿತ್ತು.
ಉಪಕರಣದ ಪೆಟ್ಟಿಗೆ ಎತ್ತಿಕೊಂಡು ನಡೆದೇ ಹೊರಟೆ,
ಕಾಲು ಅಗಲಿಸಿ,
ಡೆಕ್ಕಿನ ಮೇಲೆ ನಡೆಯುವವರ ಹಾಗೆ.